ಹರಿಹರದಲ್ಲಿ ಉಳಿದ ಸಿಲಿಂಡರು

ದಾವಣಗೆರೆಗೆ ಮನೆ ಬದಲಿಸಿ ನಾಲ್ಕು ವರ್ಷವಾಗುತ್ತ ಬಂದರೂ ನನ್ನ ಗ್ಯಾಸ್ ಸಿಲಿಂಡರು ಹರಿಹರದ ಹಳೆಯ ವಿಳಾಸಕ್ಕೇ ಬರುತ್ತಿತ್ತು. ಇದನ್ನು ಕೇಳಿದವರು ಮೊದಲು ನಗುತ್ತಿದ್ದರು. ಆಮೇಲೆ, ಬದಲಾಯಿಸಿಕೊಳ್ಳಲು ಏನು ಕಷ್ಟ ಎನ್ನುತ್ತಿದ್ದರು. ಕಷ್ಟವೇನೂ ಇರಲಿಲ್ಲ. ಇದ್ದಿದ್ದರೆ ಎಂದೋ ಮಾಡಿ ಮುಗಿಸುತ್ತಿದ್ದೆನೇನೋ. ನಾನು ಹೆಚ್ಚಾಗಿ ಮುಂದೂಡುವುದು ಸುಲಭವಾದ ಕೆಲಸಗಳನ್ನೇ. ಯಾವಾಗ ಬೇಕಾದರೂ ಆಗುವಂಥದ್ದನ್ನು ಇವತ್ತೇ ಯಾಕೆ ಮಾಡಬೇಕು ಅನ್ನಿಸುತ್ತದೆ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಹರಿಹರದಲ್ಲಿ ನಾನಿದ್ದ ಸಣ್ಣ ಖಾಸಗಿ ಶಾಲೆ ಮಕ್ಕಳು ಕಡಿಮೆಯಾಗಿ ಮುಚ್ಚಿತು. ದಾವಣಗೆರೆಯ ಇನ್ನೊಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಕೆಲವು ತಿಂಗಳು ಬಸ್ಸಿನಲ್ಲಿ ಓಡಾಡಿ ಸಾಕಾಗಿ, ಎಸ್.ಎಸ್. ಬಡಾವಣೆಯಲ್ಲಿ ಮಹಡಿ ಮೇಲಿನ ಮನೆಯೊಂದನ್ನು ಬಾಡಿಗೆಗೆ ಹಿಡಿದೆ. ನಾನಿರುವುದು ಒಬ್ಬಳೇ. ಮದುವೆಯ ಮಾತು ಬಂದಾಗಲೆಲ್ಲ ಬಿ.ಎಡ್. ಮುಗಿಯಲಿ, ಕೆಲಸ ಗಟ್ಟಿಯಾಗಲಿ, ಮೊದಲು ತಮ್ಮನದು ಆಗಲಿ ಎಂದು ಒಂದೊಂದು ಹೇಳುತ್ತ ಬಂದೆ. ಕೊನೆಗೆ ಕೇಳುವವರೇ ಕೇಳುವುದನ್ನು ಬಿಟ್ಟರು. ತಮ್ಮ ಹುಬ್ಬಳ್ಳಿಯಲ್ಲಿದ್ದಾನೆ, ಹಬ್ಬಕ್ಕೆ ಫೋನು ಮಾಡುತ್ತಾನೆ.

ಹೊಸ ಮನೆಯಲ್ಲಿ ಸಾಮಾನಿನ ಎರಡು ರಟ್ಟಿನ ಡಬ್ಬಗಳನ್ನು ನಾನು ಬಿಚ್ಚಲೇ ಇಲ್ಲ. ಒಂದರಲ್ಲಿ ಏನಿದೆ ಎಂಬುದು ಮರೆತೇಹೋಯಿತು. ಅದರ ಮೇಲೆ ಬಟ್ಟೆ ಹಾಸಿ ಟೀಪಾಯಿ ಮಾಡಿಕೊಂಡೆ. ಪರದೆ ಹಾಕಿಸುವವರೆಗೆ ಇರಲಿ ಎಂದು ಕಿಟಕಿಗೆ ಅಂಟಿಸಿದ ಪೇಪರು ಹಳದಿಯಾಗಿ, ಅದರಲ್ಲಿದ್ದ ಸೀರೆ ಅಂಗಡಿಯ ಆಷಾಢದ ರಿಯಾಯಿತಿ ನನಗೆ ಬಾಯಿಪಾಠವಾಯಿತು. ಬಾಗಿಲಿನ ಕರೆಗಂಟೆ ನಾನು ಬಂದ ದಿನದಿಂದ ಕೆಟ್ಟಿತ್ತು. ಸರಿಮಾಡಿಸದ್ದರಿಂದ ತೊಂದರೆಯೇನೂ ಆಗಲಿಲ್ಲ, ಅದನ್ನು ಒತ್ತುವವರು ಯಾರೂ ಇರಲಿಲ್ಲ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟರೆ ಸೋಮವಾರ ಬೆಳಗಿನ ಪ್ರಾರ್ಥನೆಯವರೆಗೆ ನನ್ನ ಗಂಟಲಿಗೆ ಕೆಲಸವಿರುತ್ತಿರಲಿಲ್ಲ. ಒಂದು ಲೋಟ ಅಕ್ಕಿಗೆ ಕುಕ್ಕರು ಕೂಗುವ ಸದ್ದೇ ಮನೆಯಲ್ಲಿ ಜೋರಾದ ಸದ್ದು. ಸೋಮವಾರ ಮೊದಲನೇ ಪಿರಿಯಡ್ಡಿನಲ್ಲಿ ಧ್ವನಿ ಸ್ವಲ್ಪ ಕರಕರ ಎನ್ನುತ್ತಿತ್ತು. ಮಕ್ಕಳು ನನಗೆ ನೆಗಡಿ ಎಂದುಕೊಳ್ಳುತ್ತಿದ್ದರು.

ಸಿಲಿಂಡರಿನ ವಿಷಯ ಶುರುವಾದದ್ದು ಮನೆ ಬದಲಿಸಿದ ದಿನವೇ. ನನ್ನ ಹತ್ತಿರ ಎರಡಿದ್ದವು. ತುಂಬಿದ್ದನ್ನು ಸಾಮಾನಿನ ಗಾಡಿಯಲ್ಲಿ ತಂದೆ. ಖಾಲಿಯಿದ್ದದ್ದನ್ನು ಪಕ್ಕದ ಮನೆಯ ಚಾಚಿಯ ವರಾಂಡದಲ್ಲಿ ಇಟ್ಟೆ.

"ಒಂದ್ ವಾರ ಇಲ್ಲಿರ್ಲಿ ಚಾಚಿ. ಕನೆಕ್ಷನ್ ಬದ್ಲಿ ಮಾಡಿಸ್ಕೊಂಡು ತಗಂಡ್ ಹೋಗ್ತೀನಿ" ಎಂದೆ.

"ಇರ್ಲಿ ಬಿಡ್ರಿ ಟೀಚರ್, ಅದೇನು ಅನ್ನ ಕೇಳ್ತೈತಾ" ಎಂದರು ಚಾಚಿ.

ಚಾಚಿ ನನಗೆ ರಕ್ತಸಂಬಂಧಿಯಲ್ಲ. ಗೋಡೆಗೆ ಗೋಡೆ ಅಂಟಿದ ಮನೆಯವರು, ನನಗಿಂತ ತುಂಬ ದೊಡ್ಡವರು. ಅವರ ಗಂಡ, ಚಾಚಾ, ಪೇಟೆಯಲ್ಲಿ ಗಾದಿ ಅಂಗಡಿ ಇಟ್ಟುಕೊಂಡಿದ್ದರು. ಹಳೆಯ ಹತ್ತಿ ಹಿಂಜಿ ಹೊಸ ಗಾದಿ ತುಂಬಿಕೊಡುತ್ತಿದ್ದರು. ಸಂಜೆ ಮನೆಗೆ ಬಂದಾಗ ಅವರ ಹುಬ್ಬಿನ ಮೇಲೂ ಹತ್ತಿ ಇರುತ್ತಿತ್ತು. ಒಬ್ಬಳೇ ಮಗಳು, ನನ್ನ ಹತ್ತಿರವೇ ಎಂಟನೇ ಕ್ಲಾಸಿನ ಗಣಿತ ಕಲಿತವಳು, ಮದುವೆಯಾಗಿ ಮಲೆಬೆನ್ನೂರಿನಲ್ಲಿದ್ದಳು.

ಒಂದು ವಾರ ಎಂದದ್ದು ತಿಂಗಳುಗಳಾಯಿತು. ಒಂದು ದಿನ ಒಲೆಯ ಉರಿ ಸಣ್ಣಗಾದಂತೆ ಕಂಡು ಗಾಬರಿಯಾಗಿ, ಸದ್ಯಕ್ಕೆ ಒಂದು ಬರಲಿ, ಆಮೇಲೆ ನೋಡೋಣ ಎಂದು ಹಳೆಯ ಕನೆಕ್ಷನ್ನಿನ ಮೇಲೆಯೇ ಬುಕ್ ಮಾಡಿದೆ. ಮರುದಿನ ಒಂಬತ್ತನೇ ಕ್ಲಾಸಿಗೆ ಬಹುಪದೋಕ್ತಿ ಹೇಳುತ್ತಿದ್ದಾಗ ಫೋನು ಗುರ್ರೆಂದಿತು.

"ಮೇಡಂ, ಮನೆ ಬೀಗ ಹಾಕೇತಲ್ರಿ. ಎಲ್ಲಿದೀರಿ?" ಗ್ಯಾಸಿನವನ ಧ್ವನಿ.

"ದಾವಣಗೆರ್ಯಾಗೆ."

"ನಾನು ಹರಿಹರದಾಗೆ ನಿಂತೀನ್ರಿ."

"ಪಕ್ಕದ ಮನೆ ಚಾಚಿ ಹತ್ರ ಕೊಡ್ರಿ. ಖಾಲಿದು ಅಲ್ಲೇ ಐತೆ."

"ಹಂಗಾದ್ರೆ ಫೋನಿಗೆ ಬಂದಿರೋ ಓಟಿಪಿ ಹೇಳ್ರಿ."

ಬೋರ್ಡಿನ ಮುಂದೆ ನಿಂತೇ ಅಂಕಿಗಳನ್ನು ಒಂದೊಂದಾಗಿ ಹೇಳಿದೆ. ಹಿಂದಿನ ಬೆಂಚಿನ ಇಬ್ಬರು ಅವನ್ನು ಲೆಕ್ಕದ ಭಾಗವೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು ತಿದ್ದುವಾಗ ಗೊತ್ತಾಯಿತು. ಒಬ್ಬ ಅವನ್ನು ಕೂಡಿ ಉತ್ತರವನ್ನೂ ತೆಗೆದಿದ್ದ.

ಇತ್ತ ಮನೆಯ ಸಿಲಿಂಡರು ಪೂರ್ತಿ ಖಾಲಿಯಾದಾಗ ಅದನ್ನು ಆಟೋದಲ್ಲಿ ಬಸ್ ಸ್ಟ್ಯಾಂಡಿಗೆ ಒಯ್ದೆ. ಹರಿಹರದ ಬಸ್ಸಿನ ಕಂಡಕ್ಟರು ಮೆಟ್ಟಿಲಲ್ಲೇ ಕೈ ಅಡ್ಡ ಹಿಡಿದ.

"ಇದನ್ನ ಹತ್ತಿಸಂಗಿಲ್ರಿ ಅಕ್ಕಾರೆ."

"ಖಾಲಿ ಐತ್ರಿ."

"ಬರಾಗ ತುಂಬಿರ್ತೈತಲ್ರಿ?"

ಸಿಲಿಂಡರನ್ನು ಮತ್ತೆ ಆಟೋಗೆ ಹತ್ತಿಸಿದೆ. ಅಂದು ಮನೆಗೆ ವಾಪಸ್ಸು ಬಂದು ಎರಡು ದಿನ ಬ್ರೆಡ್ಡು, ಬಾಳೆಹಣ್ಣು ತಿಂದೆ. ಆ ಎರಡು ದಿನದಲ್ಲಿ ದಾವಣಗೆರೆಯ ಏಜೆನ್ಸಿಗೆ ಹೋಗಿ ಕನೆಕ್ಷನ್ ಬದಲಿಸಿಕೊಳ್ಳಬಹುದಿತ್ತು. ಅದಕ್ಕೆ ಬೇಕಾಗುತ್ತದೆಂದು ಬಾಡಿಗೆ ಕರಾರಿನ ಫೋಟೋವನ್ನೂ ತೆಗೆದಿಟ್ಟುಕೊಂಡಿದ್ದೆ. ಫೋಟೋ ತೆಗೆದದ್ದೇ ಅರ್ಧ ಕೆಲಸ ಮುಗಿದ ಹಾಗೆ ಅನ್ನಿಸಿ, ಮಿಕ್ಕರ್ಧ ಅಲ್ಲೇ ನಿಂತಿತು.

ಭಾನುವಾರ ಸ್ಕೂಟಿಯ ಮುಂದೆ, ಕಾಲಿಡುವ ಜಾಗದಲ್ಲಿ ಸಿಲಿಂಡರು ನಿಲ್ಲಿಸಿ, ಹಳೆಯ ವೇಲಿನಿಂದ ಹ್ಯಾಂಡಲಿಗೆ ಕಟ್ಟಿ ಹೊರಟೆ. ಕಾಲಿಡಲು ಜಾಗವಿಲ್ಲದೆ ಎರಡೂ ಕಾಲು ಆಚೀಚೆ ಚಾಚಿಕೊಂಡು, ಲಾರಿಗಳ ಪಕ್ಕದಲ್ಲಿ ನಿಧಾನಕ್ಕೆ ಹೋದೆ. ಊರಾಚೆ ಪೊಲೀಸಿನವರೊಬ್ಬರು ಕೈ ಮಾಡಿ ನಿಲ್ಲಿಸಿದರು. ಹೆಲ್ಮೆಟ್ಟು, ಲೈಸೆನ್ಸು ಎಲ್ಲ ಇತ್ತು. ಅವರು ಅದನ್ನೇನೂ ಕೇಳಲಿಲ್ಲ.

"ಎಲ್ಲಿಗೆ ಹೊಂಟೀರಿ ಮೇಡಂ?"

"ಗ್ಯಾಸ್ ತರಾಕೆ ಸರ್, ಹರಿಹರಕ್ಕೆ."

ಅವರು ದಾವಣಗೆರೆಯ ಕಡೆಗೊಮ್ಮೆ, ಹರಿಹರದ ಕಡೆಗೊಮ್ಮೆ ನೋಡಿದರು. "ಯಾಕ, ದಾವಣಗೆರ್ಯಾಗ ಗ್ಯಾಸ್ ಸಿಗಲ್ಲೇನ್ರಿ?"

ಕನೆಕ್ಷನ್ ಬದಲಿಸಬೇಕು, ಈ ತಿಂಗಳು ಬದಲಿಸುತ್ತೇನೆ ಎಂದು ವಿವರಿಸತೊಡಗಿದೆ. ಅವರು ಪೂರ್ತಿ ಕೇಳಲಿಲ್ಲ. "ನಮ್ಮನ್ಯಾಗೂ ಒಬ್ಬರು ಅದಾರೆ ಹಿಂಗೆ. ಹೋಗ್ರಿ, ಹುಷಾರು" ಎಂದು ಬಿಟ್ಟರು.

ಚಾಚಿಯ ಮನೆ ಮುಂದೆ ಸ್ಕೂಟಿ ನಿಲ್ಲಿಸಿದಾಗ ಕೈಗಳು ಮರಗಟ್ಟಿದ್ದವು. ಚಾಚಿ ಬಾಗಿಲಲ್ಲೇ ಇದ್ದರು. "ಬರ್ರಿ ಟೀಚರ್, ಬಿಸ್ಲಾಗೆ ಬಂದೀರಿ. ಮೊದ್ಲು ಕೂಡ್ರಿ" ಎಂದು ನೀರು ಕೊಟ್ಟರು. ವರಾಂಡದ ಮೂಲೆಯಲ್ಲಿ ನನ್ನ ತುಂಬಿದ ಸಿಲಿಂಡರು ಹೂವಿನ ಚಿತ್ರದ ಬಟ್ಟೆಯ ಕುಲಾವಿ ಹಾಕಿಕೊಂಡು ನಿಂತಿತ್ತು. ಇರಚಲು ಹೊಡೆದು ತುಕ್ಕು ಹಿಡಿದೀತೆಂದು ಚಾಚಿ ಗಾದಿಗೆ ಉಳಿದ ಬಟ್ಟೆಯಲ್ಲಿ ಹೊಲಿದು ಹಾಕಿದ್ದರು. ನನ್ನ ಯಾವ ವಸ್ತುವನ್ನೂ ನಾನು ಅಷ್ಟು ಚೆನ್ನಾಗಿ ಇಟ್ಟುಕೊಂಡಿರಲಿಲ್ಲ.

ಅವತ್ತು ಒಗ್ಗರಣೆ ಮಂಡಕ್ಕಿ ಮಾಡಿದರು. ಮೆಣಸಿನಕಾಯಿಯನ್ನು ಮೊದಲಿನಂತೆಯೇ ನನಗಾಗಿ ಕಡಿಮೆ ಹಾಕಿದ್ದರು. ನಾನು ಬಿಟ್ಟ ಮನೆಗೆ ಇನ್ನೂ ಯಾರೂ ಬಂದಿಲ್ಲ ಎಂಬುದರಿಂದ ಹಿಡಿದು ನದಿಯಲ್ಲಿ ನೀರು ಎಲ್ಲಿವರೆಗೆ ಬಂದಿದೆ ಎಂಬುದರವರೆಗೆ ಎಲ್ಲ ಹೇಳಿದರು. ನಾನೂ ಶಾಲೆಯ ಸುದ್ದಿ ಹೇಳಿದೆ. ಎದ್ದು ಹೊರಟಾಗ ಬಿಸಿಲು ಇಳಿದಿತ್ತು. ಮರುದಿನ ಮೊದಲನೇ ಪಿರಿಯಡ್ಡಿನಲ್ಲಿ ಧ್ವನಿ ಸರಿಯಾಗಿಯೇ ಹೊರಟಿತು.

ಆಮೇಲೆ ಅದೇ ರೂಢಿಯಾಯಿತು. ಒಬ್ಬಳೇ ಅಡಿಗೆ ಮಾಡಿಕೊಳ್ಳುವವಳಿಗೆ ಒಂದು ಸಿಲಿಂಡರು ತಿಂಗಳುಗಟ್ಟಲೆ ಬರುತ್ತದೆ. ಹಾಗಾಗಿ ನನ್ನ ಉಳಿದ ಬಾಕಿ ಕೆಲಸಗಳೂ ಸಹಾಯಕ್ಕೆ ಬಂದವು. ಬ್ಯಾಂಕಿನ ಖಾತೆ ಹರಿಹರದಲ್ಲೇ ಇತ್ತು, ವೋಟರ್ ಕಾರ್ಡಿನ ವಿಳಾಸವೂ ಅಲ್ಲಿಯದೇ, ಕನ್ನಡಕದ ಅಂಗಡಿಯೂ ಅಲ್ಲೇ. ಒಂದು ದಿನದಲ್ಲಿ ಮುಗಿಯುವ ಮೂರು ಕೆಲಸಗಳನ್ನು ಮೂರು ಶನಿವಾರಕ್ಕೆ ಹಂಚಿದೆ. ಪಾಸ್‌ಬುಕ್ ಎಂಟ್ರಿಯನ್ನು ಫೋನಿನಲ್ಲೇ ನೋಡಬಹುದೆಂದು ಶಾಲೆಯಲ್ಲಿ ಯಾರೋ ತೋರಿಸಿಕೊಟ್ಟರು. ಕಲಿಯುತ್ತೇನೆ ಎಂದೆ, ಕಲಿಯಲಿಲ್ಲ. ಪ್ರತಿ ಸಲವೂ ಚಾಚಿ, "ಇವತ್ತೇನ್ ಕೆಲ್ಸ ಟೀಚರ್?" ಎಂದು ಕೇಳುತ್ತಿದ್ದರು. ಪ್ರತಿ ಸಲವೂ ನನ್ನ ಹತ್ತಿರ ಒಂದು ಕೆಲಸ ಇರುತ್ತಿತ್ತು.

ಹೀಗಿರುವಾಗ ಚಳಿಗಾಲದ ಒಂದು ಭಾನುವಾರ ನಾನು ಹೋದಾಗ ಚಾಚಿಯ ಮಗಳು ತವರಿಗೆ ಬಂದಿದ್ದಳು. ಎರಡನೆಯ ಮಗುವಿಗೆ ಬಸುರಿ. ನಾನು ತುಂಬಿದ ಸಿಲಿಂಡರನ್ನು ವಾಲಿಸಿ, ಉರುಳಿಸುತ್ತ ಸ್ಕೂಟಿಯ ಹತ್ತಿರ ತರುವುದನ್ನು ಅವಳು ಕಟ್ಟೆಯ ಮೇಲೆ ಕೂತು ನೋಡಿದಳು. ಸೊಂಟ ಹಿಡಿದುಕೊಂಡು ನಾನು ನೆಟ್ಟಗಾದಾಗ ಎದ್ದು ಬಂದಳು.

"ಈ ಕಾಲ್ದಾಗ ಯಾರಾದ್ರೂ ಹಿಂಗ್ ಹೊತ್ಕೊಂಡ್ ತಿರಗ್ತಾರೇನ್ರಿ ಟೀಚರ್? ಫೋನ್ನಾಗೇ ಬದ್ಲಿ ಮಾಡಬೋದು."

"ಮಾಡ್ಬೇಕಮ್ಮ. ಪರೀಕ್ಷೆ ಒಂದ್ ಮುಗೀಲಿ ಅಂತಿದೀನಿ."

"ಹೋಂವರ್ಕ್ ನಾಳೆ ಮಾಡ್ತೀನಿ ಅಂದ್ರೆ ನೀವು ನಮ್ಮನ್ನ ಕ್ಲಾಸಿಂದ ಹೊರಗೆ ನಿಲ್ಲಿಸ್ತಿದ್ರಿ" ಎಂದು ನಕ್ಕು ಕೈ ಚಾಚಿದಳು. "ಫೋನ್ ಕೊಡ್ರಿ ಇಲ್ಲಿ."

ಕೊಟ್ಟೆ. ಚಾಚಿ ಟೀ ಸೋಸಿ ತಂದಿಟ್ಟರು. ಅವಳು ಏನೇನೋ ಒತ್ತಿದಳು, ಎರಡು ಸಲ ಬಂದ ಓಟಿಪಿಯನ್ನು ತಾನೇ ಹಾಕಿದಳು. ಹೊಸ ಮನೆಯ ಅಗ್ರಿಮೆಂಟ್ ಫೋಟೋ ಇದೆಯೇ ಎಂದಳು. ಸಾವಿರಾರು ಫೋಟೋಗಳ ಕೆಳಗೆ ಅದು ಹೂತುಹೋಗಿತ್ತು, ಆದರೆ ಇತ್ತು. ನನ್ನ ಟೀ ಆರುವುದರೊಳಗೆ ಫೋನು ವಾಪಸ್ಸು ಕೊಟ್ಟಳು.

"ಆತು ನೋಡ್ರಿ. ದಾವಣಗೆರೆ ಏಜೆನ್ಸಿಯವ್ರು ಫೋನ್ ಮಾಡ್ತಾರೆ. ಇನ್ನ ನೀವು ಇದಕ್ಕೋಸ್ಕರ ಇಷ್ಟು ದೂರ ಬರಾದು ಬ್ಯಾಡ."

ಒಳಗಿನಿಂದ ಚಾಚಿ, "ಇತ್ನೀ ಜಲ್ದಿ ಕ್ಯಾ ಥಾ" ಎಂದರು. ಅಷ್ಟೇನು ಅವಸರವಿತ್ತು ಎಂದು ಮಗಳಿಗೆ ಹೇಳಿದ ಮಾತು. ಅಷ್ಟು ಉರ್ದು ನನಗೆ ಬರುತ್ತದೆ. ನಾನು ಮಗಳಿಗೆ ಥ್ಯಾಂಕ್ಸ್ ಹೇಳಿದೆ, ಅವಳ ತಲೆಯ ಮೇಲೆ ಕೈಯಿಟ್ಟೆ. ನಿಜವಾಗಿಯೂ ಒಳ್ಳೆಯ ಕೆಲಸ ಮಾಡಿದ್ದಳು. ಆದರೂ ಬಿಡಿಸಲು ಮನಸ್ಸಿಲ್ಲದೆ ಇಟ್ಟುಕೊಂಡಿದ್ದ ಲೆಕ್ಕವನ್ನು ಯಾರೋ ಬಂದು ಬಿಡಿಸಿಬಿಟ್ಟ ಹಾಗಾಗಿ, ಟೀ ಕುಡಿಯುವುದೇ ಬೇಡವೆನಿಸಿತು.

ಹೊರಡುವಾಗ ಚಾಚಿ ಸ್ಕೂಟಿಯವರೆಗೆ ಬಂದರು. ವೇಲಿನ ಗಂಟನ್ನು ಮತ್ತೊಮ್ಮೆ ಬಿಗಿ ಮಾಡಿದರು.

"ಗ್ಯಾಸಿನವ್ನು ಮೊದ್ಲೇ ಹೇಳಿದ್ದ ಟೀಚರ್, ಹೆಂಗೆ ಬದ್ಲಿ ಮಾಡ್ಸೋದು ಅಂತ. ಬಹಳ ಹಿಂದೇನೇ. ನಿಮಗೆ ಹೇಳಾಣ ಹೇಳಾಣ ಅಂತ, ನೀವು ಬಂದಾಗ ಮರ್ತುಬಿಡ್ತಿದ್ದೆ."

ಚಾಚಿ ಏನನ್ನೂ ಮರೆಯುವವರಲ್ಲ. ಹತ್ತು ವರ್ಷದ ಹಿಂದೆ ನಾನು ಯಾವ ಬಣ್ಣದ ಸೀರೆಯುಟ್ಟು ಅವರ ಮಗಳ ಮದುವೆಗೆ ಬಂದಿದ್ದೆ ಎಂಬುದೂ ಅವರಿಗೆ ನೆನಪಿತ್ತು. ನಾನು "ಇರ್ಲಿ ಬಿಡ್ರಿ ಚಾಚಿ" ಎಂದಷ್ಟೇ ಹೇಳಿ ಗಾಡಿ ಸ್ಟಾರ್ಟ್ ಮಾಡಿದೆ.

ಒಂದೆರಡು ವಾರದಲ್ಲಿ ಕನೆಕ್ಷನ್ ದಾವಣಗೆರೆಗೆ ಬಂತು. ಚಾಚಿಯ ವರಾಂಡದಲ್ಲಿದ್ದ ಖಾಲಿ ಸಿಲಿಂಡರನ್ನು ಹರಿಹರದ ಏಜೆನ್ಸಿಯವರೇ ಒಯ್ದರು. ಮುಂದಿನ ಸಲ ಬುಕ್ ಮಾಡಿದ ಮರುದಿನ ಸಂಜೆಯೇ ಒಬ್ಬಾತ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಿ ಬಂದ. ಗಂಟೆ ಒತ್ತಿದ, ಅದು ಕೂಗಲಿಲ್ಲ, ಬಾಗಿಲು ಬಡಿದ. ತೂಕ ಮಾಡಿ ತೋರಿಸಿ ಖಾಲಿಯದನ್ನು ಎತ್ತಿಕೊಂಡ.

"ಟೀ ಕುಡ್ಕೊಂಡ್ ಹೋಗ್ರಿ" ಎಂದೆ.

ಅವನು ಅನುಮಾನದಿಂದ ನೋಡಿದ. "ಇನ್ನೂ ಬಹಳ ಮನೆ ಅದಾವ್ರಿ ಮೇಡಂ" ಎಂದು ಇಳಿದು ಹೋದ. ಎಲ್ಲ ಸೇರಿ ಹಾಲು ಕಾಯುವಷ್ಟು ಹೊತ್ತೂ ಆಗಲಿಲ್ಲ.

ಇನ್ನು ಮೇಲೆ ಚಾಚಿಯ ಮನೆಗೆ ಸುಮ್ಮನೆ ಹೋಗುವುದು ಎಂದುಕೊಂಡೆ. ಕೆಲಸ ಯಾಕೆ ಬೇಕು, ಮಾತಾಡಿಸಲು ಹೋಗುವುದು. ಆದರೆ ಮಾತಾಡಿಸುವುದೊಂದನ್ನೇ ಹಿಡಿದು ಹೊರಡಲು ನನಗೆ ಬರುತ್ತಿರಲಿಲ್ಲ. ಉತ್ತರ ಪತ್ರಿಕೆ ತಿದ್ದುವುದು ಮುಗಿಯಲಿ ಎಂದೆ. ತಿದ್ದುವುದನ್ನು ಕೊನೆಯ ದಿನದವರೆಗೆ ಎಳೆದೆ. ಅಷ್ಟರಲ್ಲಿ ರಂಜಾನ್ ತಿಂಗಳು ಬಂತು. ಉಪವಾಸದವರ ಮನೆಗೆ ಹಗಲಲ್ಲಿ ಹೋಗಿ ಟೀ ಮಾಡಿಸುವುದು ಸರಿಯಲ್ಲ, ಹಬ್ಬಕ್ಕೆ ಹೋಗೋಣ ಎಂದುಕೊಂಡೆ. ಹಬ್ಬದ ದಿನ ನೆಂಟರಿರುತ್ತಾರೆ, ಮರುವಾರ ಹೋಗೋಣ ಎಂದುಕೊಂಡೆ. ಮರುವಾರ ಬಿಸಿಲು. ಫೋನಾದರೂ ಮಾಡಬಹುದಿತ್ತು. ಹೇಗೂ ಹೋಗುವವಳಿದ್ದೇನಲ್ಲ, ಫೋನು ಯಾಕೆ ಎಂದು ಅದನ್ನೂ ಮಾಡಲಿಲ್ಲ. ನನ್ನನ್ನು ಇಷ್ಟು ದಿನ ಹರಿಹರಕ್ಕೆ ಕರೆದೊಯ್ದ ಗುಣವೇ ಈಗ ಕೈಹಿಡಿದು ಮನೆಯಲ್ಲಿ ಕೂರಿಸಿತು.

ಭಾನುವಾರಗಳಲ್ಲಿ ಕಿಟಕಿಯ ಪೇಪರಿನ ಹರಿದ ಮೂಲೆಯಿಂದ ಕೆಳಗಿನ ರಸ್ತೆ ನೋಡುತ್ತಿದ್ದೆ. ಎದುರುಮನೆಯವರು ಕಾರು ತೊಳೆಯುತ್ತಿದ್ದರು. ತರಕಾರಿ ಗಾಡಿಯವನು ಧ್ವನಿವರ್ಧಕದಲ್ಲಿ ಬೆಲೆ ಕೂಗುತ್ತ ಹೋಗುತ್ತಿದ್ದ. ಒಂದು ಸಲ ಅವನನ್ನು ನಿಲ್ಲಿಸಿ ಬರೀ ಕರಿಬೇವು ಕೇಳಿದೆ. ದುಡ್ಡು ಬೇಡವೆಂದು ಒಂದು ಕಡ್ಡಿ ಕೊಟ್ಟು ಹೋದ.

ಮಳೆ ಶುರುವಾದ ಮೇಲೆ ಒಂದು ದಿನ ಶಾಲೆಗೆ ಇದ್ದಕ್ಕಿದ್ದಂತೆ ಮಧ್ಯಾಹ್ನ ರಜೆ ಕೊಟ್ಟರು. ಯೋಚನೆ ಮಾಡಲು ಹೊತ್ತು ಸಿಗದೆ, ಬೇಕರಿಯಲ್ಲಿ ಬೆಣ್ಣೆ ಬಿಸ್ಕತ್ತು ಕಟ್ಟಿಸಿಕೊಂಡು ಹರಿಹರದ ಬಸ್ಸು ಹತ್ತಿಬಿಟ್ಟೆ. ಈ ಸಲ ಕಂಡಕ್ಟರು ಏನೂ ಅನ್ನಲಿಲ್ಲ.

ಚಾಚಿಯ ಮನೆಗೆ ಬೀಗ ಹಾಕಿತ್ತು. ಮೆಟ್ಟಿಲ ಮೇಲೆ ಎಲೆ, ಕಸ ಕೂತಿತ್ತು. ಎದುರಿನ ಕಿರಾಣಿ ಅಂಗಡಿಯ ಹೆಂಗಸು ನನ್ನ ಗುರುತು ಹಿಡಿದಳು.

"ಮಗಳ ಬಾಣಂತನಕ್ಕೆ ಮಲೆಬೆನ್ನೂರಿಗೆ ಹೋದ್ರಲ್ರಿ ಟೀಚರ್. ಹೋಗಿ ಬಹಳ ದಿನಾತು. ಚಾಚಾಗೆ ಹತ್ತಿ ಧೂಳಿಗೆ ಉಸಿರು ಕಟ್ತೈತೆ ಅಂತ ಅಂಗಡೀನೂ ಮುಚ್ಚ್ಯಾರೆ. ನಿಮಗೆ ಹೇಳಿಲ್ಲೇನ್ರಿ?"

"ಹೇಳಿರ್ಬೇಕು, ನಾನೇ ಮರ್ತಿದೀನಿ" ಎಂದೆ.

ಬಸ್ ಸ್ಟ್ಯಾಂಡಿಗೆ ಬಂದು ಚಾಚಿಗೆ ಫೋನು ಮಾಡಿದೆ. ಹಿಂದೆ ಮಗು ಅಳುತ್ತಿತ್ತು.

"ಹೇಳ್ಬೇಕು ಅಂತಿದ್ದೆ ಟೀಚರ್. ಹೆಂಗೂ ಬರ್ತಾರಲ್ಲ, ಬಂದಾಗ ಹೇಳಾಣ ಅಂತ ಬಿಟ್ಟೆ" ಎಂದರು. ಆಮೇಲೆ, "ನೀವು ಬರ್ಲಿಲ್ಲ" ಎಂದರು.

ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣವಿತ್ತು. ದಾವಣಗೆರೆಯ ಬಸ್ಸು ಹೊರಡುವುದರಲ್ಲಿತ್ತು. ಮುಂದಿನ ವಾರ ಮಲೆಬೆನ್ನೂರಿಗೇ ಹೋಗಿಬರೋಣ ಎಂಬ ಮಾತು ನಾಲಿಗೆಯ ತುದಿಗೆ ಬಂದದ್ದು ನನಗೇ ಕೇಳಿಸಿತು. ನಾಚಿಕೆಯಾಯಿತು. ಪಕ್ಕದಲ್ಲಿದ್ದ ಮಲೆಬೆನ್ನೂರಿನ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ಗದ್ದೆಗಳಲ್ಲಿ ನಾಟಿಗೆ ಟ್ರ್ಯಾಕ್ಟರುಗಳು ಕೆಸರು ಮಾಡುತ್ತಿದ್ದವು. ಬಸ್ಸು ಅಡಿಗಡಿಗೆ ನಿಲ್ಲುತ್ತಿತ್ತು. ಚಾಚಿಯ ಬೀಗರದು ದೊಡ್ಡ ಮನೆ, ತುಂಬ ಜನ. ಚಾಚಿ ಬಾಗಿಲ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ನನ್ನನ್ನು ಕಂಡು ಎದ್ದು, "ಬರ್ರಿ, ಕೂಡ್ರಿ" ಎಂದರು. ಆದರೆ ತಾವೇ ಒಂದು ಗಳಿಗೆ ಸುತ್ತ ನೋಡಿದರು, ಎಲ್ಲಿ ಕೂರಿಸುವುದೆಂದು. ಬೀಗಿತಿ ಇನ್ನೊಂದು ಕುರ್ಚಿ ತರಿಸಿದರು, ಟೀ ಅವರೇ ಮಾಡಿಸಿದರು. ಒಳ್ಳೆಯ ಜನ. ಮಗಳು ಮಗುವನ್ನು ತಂದು ನನ್ನ ತೊಡೆಯ ಮೇಲೆ ಮಲಗಿಸಿ, "ಗ್ಯಾಸ್ ಸರಿಯಾಗಿ ಬರ್ತೈತೇನ್ರಿ ಟೀಚರ್?" ಎಂದಳು.

"ಮರುದಿನಾನೇ ಬರ್ತೈತಮ್ಮ" ಎಂದೆ. ಅವಳಿಗೆ ಸಂತೋಷವಾಯಿತು.

ಆಮೇಲೆ ಚಾಚಿ ಮತ್ತು ನಾನು ಜಗುಲಿಗೆ ಬಂದು ಕೂತೆವು. ಚಾಚಾ ಅಲ್ಲೇ ಗೋಡೆಗೆ ಒರಗಿ ರಸ್ತೆ ನೋಡುತ್ತಿದ್ದರು. ಅವರ ಹುಬ್ಬು ಎಷ್ಟು ಕಪ್ಪು ಎಂದು ನನಗೆ ಮೊದಲ ಸಲ ಕಂಡಿತು. ಇಲ್ಲಿ ತಮಗೆ ಏನೂ ಕೆಲಸವಿಲ್ಲ, ಎಲ್ಲದಕ್ಕೂ ಜನ ಇದ್ದಾರೆ, ಮಗುವನ್ನು ಎತ್ತಿಕೊಳ್ಳಲೂ ಸರತಿ ಎಂದು ಚಾಚಿ ಸಣ್ಣ ಧ್ವನಿಯಲ್ಲಿ ಹೇಳಿದರು.

"ವಾಪಸ್ ಯಾವಾಗ ಹೋಗ್ತೀರಿ ಚಾಚಿ?"

"ಹೋಗಾದೇ. ಮುಂದಿನ ತಿಂಗ್ಳು ಹೋಗಾಣ ಅಂತಿದೀವಿ. ಇವ್ರಿಗೆ ಸ್ವಲ್ಪ ಉಸಿರು ಸರಿಯಾಗ್ಲಿ, ಮಳೆ ಕಮ್ಮಿಯಾಗ್ಲಿ."

ಆ ಧಾಟಿ ನನಗೆ ಚೆನ್ನಾಗಿ ಗೊತ್ತು. ಚಾಚಾ ತಿರುಗಿ ನೋಡಲಿಲ್ಲ. ಬಿಸ್ಕತ್ತಿನ ಪೊಟ್ಟಣ ಬಿಚ್ಚಿ ಮೂವರೂ ಒಂದೊಂದು ತಿಂದೆವು. ರಸ್ತೆಯಲ್ಲಿ ಭತ್ತದ ಸಸಿ ತುಂಬಿದ ಟ್ರ್ಯಾಲಿ ಹೋಯಿತು. ಹೊತ್ತು ಇಳಿಯುವವರೆಗೆ ಹಾಗೇ ಕೂತಿದ್ದೆವು.

ಏಳುವಾಗ ಚಾಚಿ, "ಮತ್ತೆ ಬರ್ರಿ ಟೀಚರ್" ಎಂದರು.

"ಬರ್ತೀನಿ."

"ಯಾವಾಗ?"

ಅಷ್ಟು ವರ್ಷದಲ್ಲಿ ಅವರು ಅದನ್ನು ಕೇಳಿದ್ದು ಅದೇ ಮೊದಲು. "ಭಾನುವಾರ" ಎಂದೆ.

ಆ ಭಾನುವಾರ ಹೋಗಲಿಲ್ಲ. ಬೆಳಿಗ್ಗೆ ಎದ್ದೆ, ಸೀರೆ ಉಟ್ಟೆ, ಮಳೆ ಹಿಡಿದಿತ್ತು, ನಿಲ್ಲಲಿ ಎಂದು ಕೂತೆ. ಅದರ ಮುಂದಿನ ಭಾನುವಾರ ಮಳೆಯಲ್ಲೇ ಹೋದೆ. ಹರಿಹರದಿಂದ ಮುಂದೆ ಬಸ್ಸಿನಲ್ಲಿ ಸೀಟು ಸಿಗಲಿಲ್ಲ, ಮಲೆಬೆನ್ನೂರಿನವರೆಗೆ ನಿಂತೇ ಹೋದೆ.